ತೊಳೆದ್ರೆ ಹೋಗೋ ತುಕ್ಕು: ರೆಪ್ಲಿಕಾ ಪ್ರಾಪರ್ಟಿಗೆ ಹಳೇ ಕಳೆ ಪರ್ಮನೆಂಟ್ ಮಾಡೋ ಮುಂಚೆ ಟ್ರಯಲ್ ನೋಡೋ ಕ್ರಮ

ನಗರದ ಬಾವಿ ಸುದ್ದಿ ನಿಮ್ಗೆ ನೆನಪಿರ್ಬೇಕು. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಒಂದು ಪಾಳು ಬಾವಿ ಅಗೆದಾಗ, ಮಣ್ಣಲ್ಲಿ ಮದ್ದಿನ ವಾಸನೆ ಬರ್ತಿತ್ತಂತೆ, ಒಳಗಿಂದ ಟಿಪ್ಪು ಕಾಲದ ಕಬ್ಬಿಣದ ರಾಕೆಟ್ ಸಾವಿರದಷ್ಟು ಸಿಕ್ಕವು, ಒಂದೊಂದು 23ರಿಂದ 26 ಸೆಂಟಿಮೀಟರ್ ಉದ್ದ, ಹತ್ತತ್ರ ಒಂದು ಗೇಣು. ನಮ್ಮ ಹವ್ಯಾಸಿ ತಂಡ ಇದನ್ನೇ ಇಟ್ಕೊಂಡು ಒಂದು ಚಿಕ್ಕ ನಾಟಕ ಮಾಡ್ತು, ಮೊದಲ ದೃಶ್ಯದಲ್ಲಿ ಬಾವಿ ಅಗೀತಾರೆ, ಅಲ್ಲಿಂದ ಕಥೆ 1799ರ ಶ್ರೀರಂಗಪಟ್ಟಣಕ್ಕೆ ಹಿಂದೆ ಹೋಗತ್ತೆ. ಪ್ರಾಪರ್ಟಿ, ಅಂದ್ರೆ ನಾಟಕದಲ್ಲಿ ಬಳಸೋ ಸಾಮಾನು, ಅದರಲ್ಲಿ ರಾಕೆಟ್ ಮಾಡೋ ಕೆಲಸ ನನ್ನ ಪಾಲಿಗೆ ಬಂತು. 50 ಎಂಎಂ ಪಿವಿಸಿ ಪೈಪ್ ಕತ್ತರಿಸಿ ಏಳು ರಾಕೆಟ್ ಮಾಡಿದೆ, ಯುದ್ಧದ ದೃಶ್ಯದ ಮೂರಕ್ಕೆ ಬಿದಿರ ಕೋಲು ಕಟ್ಟಿದೆ, ಎಲ್ಲದಕ್ಕೂ ಒಂದೇ ಥರ ತುಕ್ಕು ಹಚ್ಚಿ, ಬಾಯಿ ಸುತ್ತ ಚೆನ್ನಾಗಿ ಮಸಿ ಬಳಿದು ರಿಹರ್ಸಲ್‌ಗೆ ತಗೊಂಡು ಹೋದೆ.

ನಾಟಕ ಆಡಿಸ್ತಿದ್ದ ನಮ್ಮ ಮೇಷ್ಟ್ರು ಒಂದನ್ನ ಕೈಗೆ ತಗೊಂಡು ತಿರುಗಿಸಿ ನೋಡಿ ಕೇಳಿದ್ರು, "ಇದು ಇನ್ನೂ ಹಾರಿಲ್ಲ ತಾನೆ? ಮತ್ತೆ ಬಾಯಿಗೆ ಮಸಿ ಎಲ್ಲಿಂದ ಬಂತು ಮಾರಾಯ?"

ಹೌದಲ್ವಾ. ಹಾರಿದ ರಾಕೆಟ್ ಸಿಪಾಯಿ ಕೈಗೆ ವಾಪಸ್ ಬರಲ್ಲ. ಅವನ ಕೈಲಿರೋದು ಇನ್ನೂ ಬೆಂಕಿ ಹಚ್ಚದೇ ಇರೋ ರಾಕೆಟ್, ಅದಕ್ಕೆ ಹೊಗೆ ಮಸಿ ಇರೋಕೆ ಸಾಧ್ಯನೇ ಇಲ್ಲ. ಮತ್ತೆ 1799ರಲ್ಲಿ ಅದು ಕುಲುಮೆಯಿಂದ ಬಂದು ಎಷ್ಟು ತಿಂಗಳಾಗಿರತ್ತೆ, ಇನ್ನೂರು ವರ್ಷ ಬಾವಿ ಕೆಸರಲ್ಲಿ ಬಿದ್ದಿದ್ದ ತುಕ್ಕು ಆಗ ಎಲ್ಲಿಂದ ಬರ್ಬೇಕು? ಮ್ಯೂಸಿಯಂ ಫೋಟೋ ನೋಡಿ ನೋಡಿ ನನ್ನ ತಲೇಲಿ ರಾಕೆಟ್ ಅಂದ್ರೆ ತುಕ್ಕು ಅಂತ ಕೂತುಬಿಟ್ಟಿತ್ತು. ಬಾವಿ ದೃಶ್ಯದ ನಾಲ್ಕಕ್ಕೆ ತುಕ್ಕು ಸರಿ ಇತ್ತು, ಯುದ್ಧದ ಮೂರು ಪೂರ್ತಿ ತಪ್ಪು. ಆದ್ರೆ ನಾನು ಹಚ್ಚಿದ್ದು ತೊಳೆದ್ರೆ ಹೋಗೋ ಬಣ್ಣ, ರಿಹರ್ಸಲ್ ಜಾಗದ ಹಿಂದಿರೋ ನೀರಿನ ತೊಟ್ಟಿ ಹತ್ರ ಕೂತು ಒದ್ದೆ ಬಟ್ಟೇಲಿ ಹತ್ತು ನಿಮಿಷ ಒರೆಸಿದ್ದಕ್ಕೆ ಮೂರೂ ಮತ್ತೆ ಬರೀ ಕಬ್ಬಿಣದ ಕೋಟ್‌ಗೆ ಬಂದ್ವು. ವಾರ್ನಿಷ್ ಹೊಡೆದು ಮುಗಿಸಿದ್ದಿದ್ರೆ ಮೂರನ್ನೂ ಮೊದಲಿಂದ ಮಾಡ್ಬೇಕಿತ್ತು, ಶೋಗೆ ಆರು ದಿನ ಇತ್ತು.

ಅದಕ್ಕೇ ಈ ಕ್ರಮವನ್ನ ಪೂರ್ತಿ ಬರೀತಿದೀನಿ, ನಾಟಕಕ್ಕಾಗ್ಲಿ, ಶಾರ್ಟ್ ಫಿಲ್ಮ್‌ಗಾಗ್ಲಿ, ಪಾತ್ರದ ವೇಷ ಹಾಕೋ ಕಾಸ್‌ಪ್ಲೇಗಾಗ್ಲಿ, ಮನೆ ಶೋಕೇಸ್‌ನಲ್ಲಿ ಇಡೋಕಾಗ್ಲಿ, ಕತ್ತಿ ಹೆಲ್ಮೆಟ್ ಲಾಟೀನು ಯಾವುದೇ ಇರ್ಲಿ, ಕೆಲಸ ಹೆಚ್ಚುಕಮ್ಮಿ ಇದೇ.

ಮೊದಲು ವಸ್ತುವಿನ ಕಥೆ ಬರ್ಕೊಳ್ಳಿ

ಬ್ರಷ್ ಮುಟ್ಟೋ ಮುಂಚೆ ಒಂದು ಹಾಳೆ ತಗೊಂಡು ಐದಾರು ಸಾಲು ಬರೀರಿ. ಈ ವಸ್ತು ಯಾವುದರಿಂದ ಮಾಡಿದ್ದು, ಎಷ್ಟು ವರ್ಷದ್ದು, ಯಾರು ಹಿಡೀತಿದ್ರು, ಕೈ ಎಲ್ಲಿ ತಾಗತ್ತೆ, ಎಲ್ಲಿ ಇಡ್ತಿದ್ರು, ನೀರು ಬಿದ್ರೆ ಎಲ್ಲಿ ನಿಲ್ಲತ್ತೆ. ನನ್ನ ಯುದ್ಧದ ರಾಕೆಟ್‌ಗೆ ಆಮೇಲೆ ನಾನು ಬರೆದಿದ್ದು ಹೀಗೆ: ಬಡಿದು ಸುತ್ತಿದ ಕಬ್ಬಿಣ, ಕುಲುಮೆಯ ಕಪ್ಪು ಇನ್ನೂ ಇದೆ, ಹಿಡಿಯೋ ಕಡೆ ಕೈ ಜಿಡ್ಡಿನ ಹೊಳಪು, ಜೋಡಣೆ ಗೆರೇಲಿ ಮಾತ್ರ ಎಳೇ ತುಕ್ಕು, ಬಿದಿರಿನ ಬುಡಕ್ಕೆ ಮಣ್ಣು ಯಾಕಂದ್ರೆ ನೆಲಕ್ಕೆ ಊರಿ ನಿಲ್ಸಿರ್ತಾರೆ, ತೊಗಲಿನ ಕಟ್ಟು ಬೆವರು ಕುಡಿದು ಕಪ್ಪಾಗಿದೆ. ಬಾವಿ ರಾಕೆಟ್‌ಗೆ: ಬಿದಿರೂ ತೊಗಲೂ ಯಾವಾಗ್ಲೋ ಕೊಳೆತು ಹೋಗಿದೆ, ಕೊಳವೆ ಮಾತ್ರ, ಮೈಯೆಲ್ಲ ಹಕ್ಕಳೆ ಹಕ್ಕಳೆ ತುಕ್ಕು, ಬಾಯೊಳಗೆ ಮಲೆನಾಡಿನ ಕೆಮ್ಮಣ್ಣು ಗಟ್ಟಿಯಾಗಿ ಕೂತಿದೆ. ಇಷ್ಟು ಬರೆದ್ಮೇಲೆ ಎರಡಕ್ಕೂ ಒಂದೇ ಬಣ್ಣ ಹಚ್ಚೋಕೆ ಕೈಯೇ ಬರಲ್ಲ.

ಆಮೇಲೆ ಊರಲ್ಲಿ ಒಂದು ಸುತ್ತು ಹೊಡೆದು ನಿಜವಾದ ಹಳೇ ಕಬ್ಬಿಣ ನೋಡಿ. ಗೇಟು, ಪಂಪ್‌ಸೆಟ್ ಪೈಪು, ಬಾವಿ ರಾಟೆ, ಗುಜರಿ ಅಂಗಡಿ ರಾಶಿ. ತುಕ್ಕು ಯಾವತ್ತೂ ಮೈ ತುಂಬ ಸಮವಾಗಿ ಬರಲ್ಲ, ಅಂಚಲ್ಲಿ, ಬೆಸುಗೇಲಿ, ಸ್ಕ್ರೂ ಸುತ್ತ, ನೀರು ನಿಲ್ಲೋ ಜಾಗದಲ್ಲಿ ಶುರುವಾಗಿ ಕೆಳಗಡೆಗೆ ಇಳಿಯತ್ತೆ. ದಿನಾ ಕೈ ತಾಗೋ ಜಾಗ ಉಲ್ಟಾ ಮಿಂಚ್ತಿರತ್ತೆ, ಗೇಟಿನ ಚಿಲಕ ನೋಡಿದ್ರೆ ಗೊತ್ತಾಗತ್ತೆ. ಹೊಸ ತುಕ್ಕು ಕಿತ್ತಳೆ ಕಡೆಗೆ, ಹಳೇದು ಕಂದು, ತೀರಾ ಹಳೇದು ಕಪ್ಪಿಗೆ ಹತ್ರ. ಹಿತ್ತಾಳೆ ತಾಮ್ರದ ವಸ್ತು ಮಾಡ್ತಿದ್ರೆ ತುಕ್ಕಿನ ಮಾತೇ ಇಲ್ಲ, ಅಲ್ಲಿ ಬರೋದು ಹಸಿರು ಕಿಲುಬು, ಅದೂ ಕೆತ್ತನೆಯ ಸಂದುಗಳಲ್ಲಿ.

ಟ್ರಯಲ್ ತುಂಡು ಮಾಡ್ಕೊಳ್ಳಿ

ಪೈಪ್ ಕತ್ತರಿಸ್ದಾಗ ಉಳಿದ ತುಂಡು ಬಿಸಾಕ್ಬೇಡಿ. ನಿಜವಾದ ಪ್ರಾಪರ್ಟಿಗೆ ಏನೇನು ಮಾಡಿದ್ರೋ ಅದನ್ನೇ, ಅದೇ ದಿನ, ಅದೇ ಡಬ್ಬಿಯಿಂದ ತುಂಡಿಗೂ ಮಾಡಿ: 220 ನಂಬರ್ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜೋದು, ಸೋಪ್ ನೀರಲ್ಲಿ ತೊಳೆಯೋದು, ಪ್ರೈಮರ್, ಮೇಲೆ ಕಪ್ಪು-ಬೂದು ಕೋಟ್. ಒಂದು ಗೇಣಿನ ಎರಡು ಮೂರು ತುಂಡು ಸಾಕು. ರಟ್ಟಿನ ಮೇಲೋ ಪೇಪರ್ ಮೇಲೋ ಟ್ರಯಲ್ ನೋಡಿದ್ರೆ ಉಪಯೋಗ ಇಲ್ಲ, ಅದು ನೀರು ಹೀರತ್ತೆ, ಪಿವಿಸಿ ಹೀರಲ್ಲ, ಬಣ್ಣ ಕೂರೋ ರೀತಿನೇ ಬೇರೆ. ಸ್ಯಾಂಡ್ ಪೇಪರ್ ಉಜ್ಜಿದ ಗೀರುಗಳಲ್ಲೂ ಬಣ್ಣ ಕೂರತ್ತೆ, ಹಾಗಾಗಿ ತುಂಡಿಗೂ ಅಷ್ಟೇ ಉಜ್ಜಿರ್ಬೇಕು. ಥರ್ಮೊಕೋಲ್‌ನಲ್ಲಿ ಮಾಡೋರು ಒಂದು ಮಾತು ನೆನಪಿಟ್ಕೊಳ್ಳಿ, ಥಿನ್ನರ್ ಇರೋ ಸ್ಪ್ರೇ ಪೇಂಟ್ ನೇರ ತಾಗಿದ್ರೆ ಥರ್ಮೊಕೋಲ್ ಕರಗಿ ಗುಂಡಿ ಬೀಳತ್ತೆ, ಮೊದಲು ಫೆವಿಕಾಲ್-ಪೇಪರ್ ಪದರ ಮುಚ್ಚಿರ್ಬೇಕು, ಅದನ್ನೂ ತುಂಡಿನ ಮೇಲೇ ನೋಡ್ಕೊಳ್ಳಿ.

ಗ್ಲಾಸ್ ಕೋಟ್, ಇದನ್ನ ಬಿಡ್ಲೇಬೇಡಿ

ಇಡೀ ಕ್ರಮದಲ್ಲಿ ಮುಖ್ಯ ಇದೇ. ಕಬ್ಬಿಣದ ಬಣ್ಣಕ್ಕೂ ಕೊಳೆಯ ಬಣ್ಣಕ್ಕೂ ಮಧ್ಯ ಒಂದು ಹೊಳೆಯೋ ಪಾರದರ್ಶಕ ಪದರ ಇರ್ಬೇಕು, ಅದೇ ಗ್ಲಾಸ್ (gloss) ಕೋಟ್. ಮ್ಯಾಟ್, ಅಂದ್ರೆ ಹೊಳಪಿಲ್ಲದ ಬಣ್ಣದ ಮೇಲ್ಮೈ ಸೂಕ್ಷ್ಮವಾಗಿ ಒರಟಾಗಿರತ್ತೆ, ಅದರ ಸಣ್ಣ ಸಣ್ಣ ಗುಳಿಗಳಲ್ಲಿ ಕಾವಿ ಪುಡಿ ಹೊಕ್ಕರೆ ಎಷ್ಟು ಒರೆಸಿದ್ರೂ ಕೆಂಪು ಕಲೆ ಉಳಿಯತ್ತೆ. ಗ್ಲಾಸ್ ಕೋಟ್ ಆ ಗುಳಿಗಳನ್ನ ತುಂಬಿಬಿಡತ್ತೆ, ಅಡುಗೆಮನೆ ಟೈಲ್ಸ್ ಥರ, ಮೇಲೆ ಏನೇ ಹಚ್ಚಿದ್ರೂ ಜಾರಿ ಬರತ್ತೆ. ವಸ್ತು ಈಗ ಪ್ಲಾಸ್ಟಿಕ್ ಬಿಂದಿಗೆ ಥರ ಫಳಫಳ ಅಂತ ಕಂಡು ಬೇಜಾರಾಗತ್ತೆ, ಆಗ್ಲಿ, ಕೊನೇಲಿ ಮ್ಯಾಟ್ ಹೊಡೆದಾಗ ಆ ಹೊಳಪು ಹೋಗತ್ತೆ.

ಯಾವ ವಾರ್ನಿಷ್ ಅನ್ನೋದು ಕೆಳಗಿನ ಬಣ್ಣದ ಮೇಲೆ. ಕೆಳಗೆ ಆಕ್ರಿಲಿಕ್ ಇದ್ರೆ ಆರ್ಟ್ ಅಂಗಡೀಲಿ ಸಿಗೋ ನೀರಿನ ಆಕ್ರಿಲಿಕ್ ಗ್ಲಾಸ್ ವಾರ್ನಿಷ್ ಎರಡು ತೆಳು ಕೋಟ್. ಕೆಳಗೆ ಎನಾಮೆಲ್ ಇದ್ರೆ ಅದು ಪೂರ್ತಿ ಗಟ್ಟಿಯಾಗೋವರೆಗೆ ಕಾಯ್ಬೇಕು, ಅದರ ಮೇಲೆ ಥಿನ್ನರ್ ಇರೋ ಲ್ಯಾಕರ್ ಸ್ಪ್ರೇ ಹೊಡೆದ್ರೆ ಬಣ್ಣ ಹಾಲಿನ ಕೆನೆ ಥರ ಸುಕ್ಕೇಳೋ ಅಪಾಯ ಇದೆ. ಸೂತ್ರ ಇಷ್ಟೇ, ಮೇಲಿನ ಪದರ ಯಾವುದರಲ್ಲಿ ಕರಗತ್ತೋ ಅದು ಕೆಳಗಿನ ಪದರವನ್ನ ಕರಗಿಸ್ಬಾರ್ದು. ವಾರ್ನಿಷ್ ಕೈಗೆ ಒಣಗಿದೆ ಅನ್ನಿಸಿದ ತಕ್ಷಣ ಒದ್ದೆ ಬಟ್ಟೆ ತಗೋಬೇಡಿ, ಕನಿಷ್ಠ ಒಂದು ಪೂರ್ತಿ ದಿನ, ಮಳೆಗಾಲ ಆದ್ರೆ ಎರಡು ಮೂರು ದಿನ ಬಿಡಿ, ಇಲ್ದಿದ್ರೆ ಒರೆಸ್ದಾಗ ಮಂಕಾಗಿ ಬೆಳ್ಳಗಾಗತ್ತೆ.

ಒಣಗಿದ್ಮೇಲೆ ತುಂಡಿನ ಮೇಲೆ ಒಂದು ಬೊಟ್ಟು ಕಾವಿ ನೀರು ಇಟ್ಟು ಒಣಗೋಕೆ ಬಿಟ್ಟು ಒರೆಸಿ ನೋಡಿ. ಗುರುತು ಉಳೀಲಿಲ್ಲ ಅಂದ್ರೆ ಮುಂದಕ್ಕೆ. ಉಳೀತು ಅಂದ್ರೆ ಇನ್ನೊಂದು ಕೋಟ್.

ತೊಳೆದ್ರೆ ಹೋಗೋ ಬಣ್ಣಗಳು

ಇಲ್ಲಿ ತುಂಬ ಜನ ಎಡವೋದು ಆಕ್ರಿಲಿಕ್ ವಿಷಯದಲ್ಲಿ. ಆಕ್ರಿಲಿಕ್‌ಗೆ ನೀರು ಬೆರೆಸ್ತೀವಿ, ಹಾಗಾಗಿ ನೀರಲ್ಲಿ ಹೋಗತ್ತೆ ಅಂದ್ಕೋತಾರೆ, ಆದ್ರೆ ಅದು ಒಮ್ಮೆ ಒಣಗಿದ್ರೆ ಪ್ಲಾಸ್ಟಿಕ್ ಪೊರೆ ಆಗತ್ತೆ, ನೀರಿಗೆ ಜಗ್ಗಲ್ಲ. ಶಾಲೆ ಮಕ್ಕಳು ಬಳಸೋ ಪೋಸ್ಟರ್ ಕಲರ್ ಹಾಗಲ್ಲ, ಅದರಲ್ಲಿರೋದು ಗೋಂದಿನ ಜಾತಿಯ ಅಂಟು, ಒಣಗಿ ನಾಲ್ಕು ದಿನ ಆದ್ರೂ ನೀರು ತಾಗಿದ್ರೆ ಮತ್ತೆ ಕರಗತ್ತೆ. ಟ್ರಯಲ್‌ಗೆ ಅದೇ ಬೇಕು. ಬರ್ಂಟ್ ಸಿಯೆನಾ (ಕೆಂಪು ಕಂದು), ಬರ್ಂಟ್ ಅಂಬರ್ (ಗಾಢ ಕಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕಪ್ಪು, ನಾಲ್ಕೇ ಬಾಟ್ಲಿ ಸಾಕು.

ತೆಳು ಕೊಳೆ ನೀರು ಮಾಡೋಕೆ: ಎರಡು ಚಮಚ ನೀರಿಗೆ ಕಡಲೆಕಾಳಿನಷ್ಟು ಕಂದು, ಅದರ ಅರ್ಧ ಕಪ್ಪು, ಪಾತ್ರೆ ತೊಳೆಯೋ ಲಿಕ್ವಿಡ್ ಒಂದೇ ಹನಿ. ಆ ಹನಿ ಇಲ್ದಿದ್ರೆ ಗ್ಲಾಸ್ ಮೇಲೆ ನೀರು ಕೆಸುವಿನೆಲೆ ಮೇಲೆ ನಿಂತಂಗೆ ಗುಂಡಗೆ ನಿಲ್ಲತ್ತೆ, ಹರಡಲ್ಲ. ಬ್ರಷ್‌ನಲ್ಲಿ ಪೂರ್ತಿ ಬಳಿದು ಒಂದೆರಡು ನಿಮಿಷ ಬಿಟ್ಟು, ಹಳೇ ಬನೀನ್ ಬಟ್ಟೆ ಹಿಂಡಿ ಮೇಲಿಂದ ಕೆಳಕ್ಕೆ ಒಂದೇ ದಿಕ್ಕಲ್ಲಿ ಎಳೀರಿ. ಎತ್ತರದ ಜಾಗ ಸ್ವಚ್ಛ ಆಗತ್ತೆ, ಸಂದಿಯಲ್ಲಿ ಕೊಳೆ ನಿಲ್ಲತ್ತೆ, ನಿಜವಾದ ವಸ್ತುವಲ್ಲೂ ಹಾಗೇ ಅಲ್ವಾ. ಸುತ್ತಿ ಸುತ್ತಿ ಒರೆಸಿದ್ರೆ ಕಾರ್ ಒರೆಸಿದ ಹಾಗೆ ಕಾಣತ್ತೆ.

ಧೂಳಿಗೆ ಮುಲ್ತಾನಿ ಮಿಟ್ಟಿ. ಸಿನಿಮಾದವರು ಬಟ್ಟೆಗೂ ಮೈಗೂ ಧೂಳು ಬರ್ಸೋಕೆ ಬಹಳ ಕಾಲದಿಂದ ಬಳಸ್ತಿರೋದೂ ಇದನ್ನೇ. ತೆಳು ಬಟ್ಟೇಲಿ ಗಂಟು ಕಟ್ಟಿ ಮೇಲಿಂದ ತಟ್ಟಿದ್ರೆ ಎಷ್ಟೋ ದಿನ ಮೂಲೇಲಿ ಬಿದ್ದಿದ್ದ ವಸ್ತು ಥರ ಕಾಣತ್ತೆ, ಊದಿದ್ರೆ ಅರ್ಧ ಹೋಗತ್ತೆ, ಒರೆಸಿದ್ರೆ ಪೂರ್ತಿ. ಕೆಂಪು ಮಣ್ಣಿನ ಬಣ್ಣ ಬೇಕಾದ್ರೆ ಅದಕ್ಕೆ ಕಾವಿ ಪುಡಿ ಸ್ವಲ್ಪ ಬೆರೆಸಿ, ಜಾಸ್ತಿ ಹಾಕಿದ್ರೆ ರಂಗೋಲಿ ಗೆರೆ ಥರ ಎದ್ದು ಕಾಣತ್ತೆ. ಪುಡಿ ಕೆಲಸ ಮಾಡುವಾಗ ಮೂಗಿಗೆ ಮಾಸ್ಕ್ ಹಾಕಿ, ಫ್ಯಾನ್ ಆಫ್ ಮಾಡಿ.

ಕೈ ತಾಗಿ ಸವೆದ ಕಬ್ಬಿಣದ ಹೊಳಪಿಗೆ 6ಬಿ ಪೆನ್ಸಿಲ್. ಮೊನೆಯನ್ನ ಸ್ಯಾಂಡ್ ಪೇಪರ್ ಮೇಲೆ ತಿಕ್ಕಿ ಪುಡಿ ಮಾಡಿ, ಬೆರಳ ತುದೀಲಿ ತಗೊಂಡು ಅಂಚುಗಳ ಮೇಲೆ ಉಜ್ಜಿ. ನಾನು ಎಷ್ಟೋ ಮೆಟಾಲಿಕ್ ಪೇಂಟ್ ನೋಡಿದೀನಿ, ಈ ಪೆನ್ಸಿಲ್ ಪುಡಿ ಕೊಡೋ ಉಕ್ಕಿನ ತಣ್ಣನೆ ಹೊಳಪು ಅವು ಕೊಡಲ್ಲ. ಅದು ಇಷ್ಟ ಆಗ್ಲಿಲ್ಲ ಅಂದ್ರೆ ರಬ್ಬರ್, ಆಮೇಲೆ ಸೋಪ್ ನೀರು.

ಇನ್ನು ಬಾವಿ ರಾಕೆಟ್‌ನ ಹಕ್ಕಳೆ ತುಕ್ಕು. ಇದಕ್ಕೆ ಬರೀ ಬಣ್ಣ ಸಾಲಲ್ಲ, ಮೈ ದಪ್ಪ ಆಗ್ಬೇಕು. ಪರ್ಮನೆಂಟ್ ಆಗಿ ಮಾಡೋರು ಫೆವಿಕಾಲ್‌ಗೆ ಇಟ್ಟಿಗೆ ಪುಡಿಯೋ, ಕುದಿಸಿ ಒಣಗಿಸಿದ ಚಹಾ ಪುಡಿಯೋ ಕಲಸಿ ಹಚ್ತಾರೆ, ಫೆವಿಕಾಲ್ ಒಣಗಿದ್ಮೇಲೆ ಕಿತ್ತು ತೆಗೆಯೋದು ಕಷ್ಟ, ಕೆಳಗಿನ ಬಣ್ಣನೂ ಜೊತೆಗೆ ಬರತ್ತೆ. ಟ್ರಯಲ್‌ಗೆ ಮೈದಾ ಅಂಟು ಮಾಡ್ಕೊಳ್ಳಿ, ಗೋಡೆಗೆ ಪೋಸ್ಟರ್ ಅಂಟ್ಸೋಕೆ ಕಾಯಿಸ್ತೀವಲ್ಲ ಅದೇ, ಒಂದು ಚಮಚ ಮೈದಾ ಅರ್ಧ ಲೋಟ ನೀರು. ಆರಿದ್ಮೇಲೆ ಅದಕ್ಕೆ ಜರಡಿ ಹಿಡಿದ ಇಟ್ಟಿಗೆ ಪುಡಿ, ಕಾವಿ, ಚಿಟಿಕೆ ಕಪ್ಪು ಬೆರೆಸಿ ಸ್ಪಂಜಿನ ತುಂಡಲ್ಲಿ ತಟ್ಟಿ. ಎಳೆಯೋದಲ್ಲ, ತಟ್ಟೋದು. ಒಣಗುವಾಗ ಅದು ಅಲ್ಲಲ್ಲಿ ಬಿರುಕು ಬಿಟ್ಟು ಅಂಚು ಮೇಲೇಳತ್ತೆ, ಹತ್ರದಿಂದ ನೋಡಿದ್ರೆ ಕಬ್ಬಿಣ ಪದರ ಪದರವಾಗಿ ಎದ್ದು ಬರ್ತಿರೋ ಹಾಗೇ ಇರತ್ತೆ. ಆ ಬಿರುಕುಗಳ ಮೇಲೆ ಓಕರ್ ಒಣ ಬ್ರಷ್‌ನಲ್ಲಿ ಹಗುರಾಗಿ ಸವರಿದಾಗ ನನಗೇ ಅದು ಪೈಪು ಅನ್ನೋದು ಮರೆತು ಹೋಗಿತ್ತು. ಬಿಸಿ ನೀರ ಬಟ್ಟೆ ಐದು ನಿಮಿಷ ಸುತ್ತಿಟ್ರೆ ಮೆತ್ತಗಾಗಿ ಪೂರ್ತಿ ಬರತ್ತೆ. ಆದ್ರೆ ವಾರಗಟ್ಟಲೆ ಬಿಡ್ಬೇಡಿ, ಬೂಸ್ಟು ಬರತ್ತೆ, ಜಿರಳೆ ತಿನ್ನತ್ತೆ.

ಅರ್ಧಕ್ಕೆ ಮಾತ್ರ ಹಚ್ಚಿ

ತುಂಡಿನ ಮೇಲೆ ಸರಿ ಅನ್ನಿಸಿದ್ದನ್ನ ನಿಜವಾದ ಪ್ರಾಪರ್ಟಿಗೆ ತರುವಾಗ ಒಂದೇ ಸಲ ಪೂರ್ತಿ ಹಚ್ಬೇಡಿ. ಉದ್ದಕ್ಕೆ ಒಂದು ಅರ್ಧ ಹಾಗೇ ಬಿಡಿ. ಎರಡೂ ಪಕ್ಕಪಕ್ಕ ಇದ್ರೆನೇ ಎಷ್ಟು ಹಚ್ಚಿದೀವಿ ಅನ್ನೋದು ಕಣ್ಣಿಗೆ ಗೊತ್ತಾಗೋದು, ಪೂರ್ತಿ ಹಚ್ತಾ ಹೋದ್ರೆ ಕಣ್ಣು ಅದಕ್ಕೇ ಒಗ್ಗಿ ಇನ್ನೂ ಸ್ವಲ್ಪ ಇನ್ನೂ ಸ್ವಲ್ಪ ಅಂತ ಹೋಗ್ತೀವಿ. ಪ್ರತಿ ಪದರ ಆದ್ಮೇಲೆ ಮೊಬೈಲ್‌ನಲ್ಲಿ ಒಂದು ಫೋಟೋ, ಒಂದೇ ಜಾಗ, ಒಂದೇ ಬೆಳಕು. ಬಹಳ ಸಲ ನಂಗೆ ಐದನೇ ಫೋಟೋಗಿಂತ ಮೂರನೇದೇ ಚೆನ್ನಾಗಿ ಕಂಡಿದೆ, ಆಗ ತೊಳೆದು ಮೂರಕ್ಕೇ ನಿಲ್ಸಿದೀನಿ.

ಹಚ್ಚಿದ್ದು ಮುಗಿದ್ಮೇಲೆ ಒಂದು ರಾತ್ರಿ ಕಳೀಲಿ. ಬಣ್ಣ ಒಣಗಿದಾಗ ಒದ್ದೆ ಇದ್ದಾಗಿನ ಗಾಢತೆ ಇರಲ್ಲ, ತಿಳಿಯಾಗತ್ತೆ, ಮತ್ತೆ ಬೆಳಗ್ಗೆ ಎದ್ದು ನೋಡೋ ಕಣ್ಣೇ ಬೇರೆ.

ನೋಡೋದು ಎಲ್ಲಿ, ಹೇಗೆ

ಕೆಲಸ ಮಾಡಿದ ಟೇಬಲ್ ಮೇಲೆ, ಟ್ಯೂಬ್‌ಲೈಟ್ ಕೆಳಗೆ, ಒಂದು ಅಡಿ ದೂರದಿಂದ ನೋಡಿ ತೀರ್ಮಾನ ಮಾಡೋದು ದೊಡ್ಡ ತಪ್ಪು. ಆ ವಸ್ತುವನ್ನ ಜನ ಎಲ್ಲಿಂದ ನೋಡ್ತಾರೋ ಅಲ್ಲಿಂದ ನೋಡ್ಬೇಕು. ನಾಟಕ ಆದ್ರೆ ಮೊದಲ ಸಾಲು ಹತ್ತು ಹದಿನೈದು ಅಡಿ, ಕೊನೇ ಸಾಲು ಅರವತ್ತು. ನಾನು ಮನೆ ಮುಂದಿನ ರಸ್ತೇಲಿ ಕಾಂಪೌಂಡ್ ಮೇಲೆ ರಾಕೆಟ್ ಇಟ್ಟು ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನೋಡ್ತೀನಿ. ಅಷ್ಟು ದೂರದಿಂದ ಸಣ್ಣ ಗೀರು, ಎಳೇ ತುಕ್ಕು ಯಾವುದೂ ಕಾಣಲ್ಲ, ಕಾಣೋದು ದೊಡ್ಡ ಕಪ್ಪು-ಬಿಳುಪಿನ ವ್ಯತ್ಯಾಸ ಮಾತ್ರ. ಕ್ಯಾಮೆರಾಗೆ ಅಂದ್ರೆ ಉಲ್ಟಾ, ಕ್ಲೋಸಪ್‌ನಲ್ಲಿ ಬ್ರಷ್ ಗೆರೆ ಒಂದೊಂದೂ ಎದ್ದು ಬರತ್ತೆ, ಶೋಕೇಸ್ ಪೀಸ್‌ಗೂ ಹಾಗೇ.

ಮೊಬೈಲ್ ಫೋಟೋವನ್ನ ಬ್ಲ್ಯಾಕ್ ಅಂಡ್ ವೈಟ್ ಮಾಡಿ ನೋಡಿ. ಬಣ್ಣ ತೆಗೆದ್ಮೇಲೂ ವಸ್ತುವಿನ ಆಕಾರ, ಅಂಚು, ತಗ್ಗು ಕಾಣಿಸ್ತಿದ್ರೆ ಹಚ್ಚಿದ್ದು ಸರಿ ಇದೆ. ಎಲ್ಲ ಒಂದೇ ಬೂದು ಮುದ್ದೆಯಾಗಿ ಕಂಡ್ರೆ ತುಕ್ಕೂ ಕಬ್ಬಿಣವೂ ಒಂದೇ ಗಾಢತೆಯಲ್ಲಿದೆ ಅಂತ ಅರ್ಥ, ದೂರದಿಂದ ಏನೂ ಕಾಣಲ್ಲ.

ಇನ್ನು ಲೈಟು. ಇದರಲ್ಲಿ ನಾನು ಒಂದು ಹಳೇ ನಾಟಕದಲ್ಲಿ ಕಲಿತಿದ್ದು ಇವತ್ತಿಗೂ ಮರ್ತಿಲ್ಲ. ಒಂದು ಕಬ್ಬಿಣದ ಪೆಟ್ಟಿಗೆಗೆ ಹಗಲು ಬೆಳಕಲ್ಲಿ ತುಂಬ ಚೆಂದದ ಕಿತ್ತಳೆ ತುಕ್ಕು ಹಚ್ಚಿ ವಾರ್ನಿಷ್ ಹೊಡೆದು ಸೀಲ್ ಮಾಡಿ ಕೊಟ್ಟೆ, ಆ ದೃಶ್ಯ ಪೂರ್ತಿ ರಾತ್ರಿ, ದೀಪಕ್ಕೆ ನೀಲಿ ಜೆಲ್, ಅಂದ್ರೆ ಬಣ್ಣದ ಪಾರದರ್ಶಕ ಹಾಳೆ. ನೀಲಿ ಬೆಳಕಲ್ಲಿ ಕಿತ್ತಳೆಗೆ ವಾಪಸ್ ಕಳ್ಸೋಕೆ ಕೆಂಪು ಹಳದಿಯೇ ಇರಲ್ಲ, ಹಾಗಾಗಿ ತುಕ್ಕೆಲ್ಲ ಕಪ್ಪಾಗಿ ಪೆಟ್ಟಿಗೆ ಯಾರೋ ಡಾಂಬರು ಮೆತ್ತಿದ ಹಾಗೆ ಕಾಣ್ತು. ನಾಲ್ಕು ಶೋ ಹಾಗೇ ಹೋಯ್ತು, ಪ್ರತಿ ಶೋನಲ್ಲೂ ಹೊಟ್ಟೆಯಲ್ಲಿ ಸಂಕಟ. ಹಳದಿ-ಕಿತ್ತಳೆಯ ಅಂಬರ್ ಜೆಲ್ ಕೆಳಗೆ ಇನ್ನೊಂದು ಥರದ ತೊಂದರೆ, ಓಕರ್ ಮತ್ತೆ ತಿಳಿ ಧೂಳು ಬೆಳಕಿನ ಜೊತೆ ಬೆರೆತು ಮಾಯ ಆಗತ್ತೆ, ಅಲ್ಲಿ ಕಪ್ಪು ಸ್ವಲ್ಪ ಜಾಸ್ತಿ ಬೇಕು. ಈಗ ನಾನು ಲೈಟಿಂಗ್ ಮಾಡೋರ ಹತ್ರ ಎರಡು ಜೆಲ್ ತುಂಡು ಇಸ್ಕೊಂಡು ಟಾರ್ಚಿಗೆ ಕಟ್ಟಿ ಮನೇಲೇ ನೋಡ್ಕೋತೀನಿ, ಸೀಲ್ ಮಾಡೋದು ಮಾತ್ರ ಸ್ಟೇಜ್ ಮೇಲೆ ಟೆಕ್ನಿಕಲ್ ರಿಹರ್ಸಲ್ ಆದ್ಮೇಲೇ.

ಕೊನೇದು ಕೈ. ಪ್ರಾಪರ್ಟಿ ಹಿಡಿಯೋ ನಟನ ಕೈಗೇ ಕೊಟ್ಟು ದೃಶ್ಯ ಒಂದು ಸಲ ಪೂರ್ತಿ ಮಾಡ್ಸಿ. ಟ್ರಯಲ್ ಬಣ್ಣ ಬೆವರಿಗೆ ಬರತ್ತೆ, ಬರ್ಲಿ, ಅದೇ ಬೇಕಾಗಿರೋದು. ಎಲ್ಲಿ ಬಣ್ಣ ಹೋಯ್ತೋ ಅಲ್ಲಿ ಅವನು ನಿಜವಾಗ್ಲೂ ಹಿಡೀತಾನೆ, ಅಲ್ಲೇ ಸವೆತದ ಹೊಳಪು ಇರ್ಬೇಕು. ನಮ್ಮ ಸಿಪಾಯಿ ಪಾತ್ರದ ಹುಡುಗ ಕೊಳವೆ ಮುಟ್ಟಲೇ ಇಲ್ಲ, ಎರಡೂ ಕೈ ಬಿದಿರಿನ ಮೇಲೆ, ತೊಗಲ ಕಟ್ಟಿನ ಕೆಳಗೆ. ನಾನು ಕೊಳವೆ ನಡುವಲ್ಲಿ ಮಾಡಿದ್ದ ಪೆನ್ಸಿಲ್ ಹೊಳಪು ಒರೆಸಿ, ಬಿದಿರಿನ ಆ ಎರಡು ಗೇಣು ಜಾಗ ನುಣುಪು ಮಾಡಿ ಸ್ವಲ್ಪ ಕಪ್ಪು ಮಾಡಿದೆ. ಯಾವ ಪುಸ್ತಕ ನೋಡಿದ್ರೂ ನಂಗೆ ಅದು ಗೊತ್ತಾಗ್ತಿರ್ಲಿಲ್ಲ. ಅವನು ಬಿಳಿ ಬಟ್ಟೆ ಹಾಕ್ತಾನಾದ್ರೆ ಎಷ್ಟು ಬಣ್ಣ ಬಟ್ಟೆಗೆ ಹತ್ತತ್ತೆ ಅನ್ನೋದೂ ಈಗ್ಲೇ ಗೊತ್ತಾಗತ್ತೆ.

ವಾಪಸ್ ತರೋಕಾಗದ ಕೆಲಸಗಳು

ಗೀರು, ನೆಗ್ಗು, ಅಂಚು ಒಡೆಯೋದು, ಬೆಂಕಿ ತೋರ್ಸೋದು, ಇವನ್ನ ತೊಳೆಯೋಕಾಗಲ್ಲ. ಆದ್ರೂ ಟ್ರಯಲ್ ನೋಡ್ಬೋದು. ಗೀರು ಎಲ್ಲಿ ಬೇಕೋ ಅಲ್ಲಿ ಬೆಳ್ಳಿ ಬಣ್ಣದ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಕೆಳಗೆ ಕಪ್ಪು ಪೆನ್ಸಿಲ್ ಒಂದು ಗೆರೆ ಕೊಡಿ, ದೂರದಿಂದ ಥೇಟ್ ಗೀರೇ. ಎರಡು ದಿನ ನೋಡಿ ಸರಿ ಅನ್ನಿಸಿದ್ರೆ ಆಮೇಲೆ ಬ್ಲೇಡ್ ತಗೊಳ್ಳಿ, ಎಷ್ಟೋ ಸಲ ಬ್ಲೇಡ್ ಬೇಕೇ ಆಗಲ್ಲ. ಪಿವಿಸಿಗೆ ಬೆಂಕಿ ಮಾತ್ರ ಯಾವ ಕಾರಣಕ್ಕೂ ಬೇಡ, ಸುಟ್ಟಾಗ ಬರೋ ಹೊಗೆ ವಿಷ.

ಬಿದಿರು ಮತ್ತೆ ಹಗ್ಗದಂಥ ಹೀರೋ ವಸ್ತುಗಳಿಗೆ ಗ್ಲಾಸ್ ಕೋಟ್ ಉಪಾಯ ಅಷ್ಟು ನಡೆಯಲ್ಲ. ಚಹಾ ಡಿಕಾಕ್ಷನ್‌ನಲ್ಲಿ ಅದ್ದಿದ ಹಗ್ಗ ಮತ್ತೆ ಬೆಳ್ಳಗಾಗಲ್ಲ. ಅದಕ್ಕೆ ಒಂದೇ ದಾರಿ, ಬೇಕಿರೋದಕ್ಕಿಂತ ಮೂರು ಪಟ್ಟು ಹಗ್ಗ ತಗೊಂಡು ಒಂದು ತುಂಡು ಐದು ನಿಮಿಷ, ಒಂದು ಅರ್ಧ ಗಂಟೆ, ಒಂದು ರಾತ್ರಿಯಿಡೀ ನೆನೆಸಿ ಒಣಗ್ಸಿ ಚೀಟಿ ಕಟ್ಟಿಡಿ. ನಿಜವಾದ ಕಬ್ಬಿಣದ ತಗಡಿಗೆ ಉಪ್ಪು-ವಿನೆಗರ್ ಹಾಕಿ ತುಕ್ಕು ಬರ್ಸೋದಾದ್ರೂ ಇದೇ ಮಾತು, ಮೊದಲು ತುಂಡು ತಗಡು, ಗಂಟೆ ಲೆಕ್ಕ ಬರ್ಕೊಂಡು.

ಈಗ ಪರ್ಮನೆಂಟ್

ಎಲ್ಲರಿಗೂ ಒಪ್ಪಿಗೆ ಆಯ್ತು ಅಂದ್ಮೇಲೆ ಎರಡು ದಾರಿ. ಬಣ್ಣ ತೆಳುವಾಗಿದ್ರೆ ಅದರ ಮೇಲೇ ಸ್ಪ್ರೇ ವಾರ್ನಿಷ್ ಹೊಡೀಬೋದು, ಆದ್ರೆ ಬ್ರಷ್ ತಾಗಿಸಿದ್ರೆ ಪೋಸ್ಟರ್ ಕಲರ್ ಕರಗಿ ಎಲ್ಲ ಕಲಸಿ ಹೋಗತ್ತೆ. ಒಂದೂವರೆ ಅಡಿ ದೂರದಿಂದ ಇಬ್ಬನಿ ಬಿದ್ದ ಹಾಗೆ ಮೊದಲ ಕೋಟ್, ಒಣಗಿದ್ಮೇಲೆ ಎರಡನೇದು, ಆಮೇಲೆ ಸ್ವಲ್ಪ ದಪ್ಪ. ವಾರ್ನಿಷ್ ಬಿದ್ದ ಮೇಲೆ ಧೂಳಿನ ಪುಡಿ ಅರ್ಧಕ್ಕರ್ಧ ಮಾಯ ಆಗತ್ತೆ, ಕಂದು ಒಂದು ಮೆಟ್ಟಿಲು ಗಾಢ ಆಗತ್ತೆ, ಇದನ್ನ ತುಂಡಿನ ಮೇಲೆ ಮೊದಲೇ ನೋಡಿರ್ಬೇಕು, ಬೇಕಾದ್ರೆ ಧೂಳು ಸ್ವಲ್ಪ ಜಾಸ್ತಿ ಹಾಕಿರ್ಬೇಕು.

ಎರಡನೇ ದಾರಿ ನಂಗೆ ಹೆಚ್ಚು ಇಷ್ಟ, ದಿನಾ ಕೈಗೆ ಸಿಗೋ ಪ್ರಾಪರ್ಟಿಗೆ ಅದೇ ಸರಿ. ಒಪ್ಪಿಗೆಯಾದ ಫೋಟೋ ಎದುರಿಗೆ ಇಟ್ಕೊಂಡು, ಟ್ರಯಲ್ ಬಣ್ಣ ಪೂರ್ತಿ ತೊಳೆದು, ಒಣಗ್ಸಿ, ಅದೇ ಜಾಗಗಳಿಗೆ ಆಕ್ರಿಲಿಕ್‌ನಲ್ಲಿ ಮತ್ತೆ ಹಚ್ಚೋದು. ಗ್ಲಾಸ್ ಮೇಲೆ ಆಕ್ರಿಲಿಕ್ ಚೆನ್ನಾಗಿ ಹಿಡಿಯೋಕೆ 400 ನಂಬರ್ ಸ್ಯಾಂಡ್ ಪೇಪರ್ ಹಗುರಾಗಿ ಒಂದು ಸಲ ಆಡ್ಸಿ. ಮೈದಾ ಇದ್ದ ಜಾಗಕ್ಕೆ ಈಗ ಫೆವಿಕಾಲ್-ಇಟ್ಟಿಗೆ ಪುಡಿ. ಡಬಲ್ ಕೆಲಸ ಅನ್ನಿಸತ್ತೆ, ಆದ್ರೆ ಎರಡನೇ ಸಲ ಕೈಗೆ ಎಲ್ಲ ಗೊತ್ತಿರತ್ತೆ, ಟ್ರಯಲ್‌ಗೆ ಎರಡು ಸಂಜೆ ಹಿಡಿದಿದ್ದು ಒಂದು ಗಂಟೇಲಿ ಮುಗಿಯತ್ತೆ. ಆಯಿಲ್ ಕಲರ್ ಬಳಸೋರು ಸೀಲ್ ಮಾಡೋಕೆ ಅವಸರ ಮಾಡ್ಬೇಡಿ, ದಿನಗಟ್ಟಲೆ ಒಣಗ್ಬೇಕು, ಆಯಿಲ್ ಹೀರಿದ ಬಟ್ಟೆಗಳನ್ನ ಉಂಡೆ ಮಾಡಿ ಮೂಲೇಲಿ ಹಾಕ್ಬೇಡಿ, ಲಿನ್‌ಸೀಡ್ ಎಣ್ಣೆ ಒಣಗುವಾಗ ಬಿಸಿಯಾಗಿ ತಾನಾಗೇ ಬೆಂಕಿ ಹತ್ಕೊಳ್ಬೋದು, ಬಿಡಿಸಿ ಹೊರಗೆ ಹರವಿ.

ಕೊನೇ ಕೋಟ್ ಮ್ಯಾಟ್. ಜೂನ್-ಜುಲೈಯಲ್ಲಿ ಮಲೆನಾಡಲ್ಲೋ ಕರಾವಳಿಯಲ್ಲೋ ಇರೋರು ಜಿಟಿಜಿಟಿ ಮಳೆ ದಿನ ಸ್ಪ್ರೇ ಮುಟ್ಟಲೇಬೇಡಿ, ಗಾಳಿಯ ತೇವ ಸೇರಿ ಕೋಟ್ ಮೇಲೆ ಬಿಳಿ ಮಂಜು ಕೂರತ್ತೆ. ಮಳೆ ಬಿಟ್ಟ ಮಧ್ಯಾಹ್ನ, ಬಾಗಿಲು ಕಿಟಕಿ ತೆಗೆದು, ಮೊದಲು ತುಂಡಿಗೆ ಹೊಡೆದು ಹತ್ತು ನಿಮಿಷ ನೋಡಿ. ಕೈ ಜಿಡ್ಡಿನ ಹೊಳಪು ಬೇಕಾದ ಜಾಗಕ್ಕೆ ಪೆನ್ಸಿಲ್ ಪುಡಿಯನ್ನ ಮ್ಯಾಟ್ ಆದ್ಮೇಲೆ ಹಚ್ಚಿ, ಅದರ ಮೇಲೆ ಮ್ಯಾಟ್ ಬಿದ್ರೆ ಹೊಳಪೇ ಹೋಗತ್ತೆ.

ಒಣಗಿದ್ಮೇಲೆ ಪ್ರತಿ ಪ್ರಾಪರ್ಟಿ ಒಳಗಡೆ, ಕಾಣದ ಜಾಗದಲ್ಲಿ, ಅಳಿಸದ ಮಾರ್ಕರ್‌ನಲ್ಲಿ ರೆಪ್ಲಿಕಾ ಅಂತ, ಮಾಡಿದ ವರ್ಷ ಮತ್ತೆ ತಂಡದ ಹೆಸರು ಬರೀರಿ. ಚೆನ್ನಾಗಿ ಮಾಡಿದ ಬಾವಿ ರಾಕೆಟ್ ನೋಡಿದ್ರೆ ನಿಜವಾದ್ದು ಅಂತ ಯಾರಾದ್ರೂ ನಂಬ್ತಾರೆ, ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಇದೆ, ಮುಂದೆ ಯಾವತ್ತೋ ಯಾರೋ ಅದನ್ನ ಮಾರೋಕೆ ಹೋಗಿ ತೊಂದರೆಯಾಗೋದು ಬೇಡ. ಬಸ್ಸಲ್ಲಿ ತಗೊಂಡು ಹೋಗುವಾಗ ಚೀಲದಲ್ಲಿ ಸುತ್ತಿ, ಜೊತೆಗೆ ನಾಟಕದ ಕರಪತ್ರ ಒಂದು ಇಟ್ಕೊಳ್ಳಿ. ಟ್ರಯಲ್ ತುಂಡನ್ನ ಮಾತ್ರ ಎಸೀಬೇಡಿ, ಬಣ್ಣದ ಲೆಕ್ಕದ ಚೀಟಿ ಅದಕ್ಕೇ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಪ್ರಾಪರ್ಟಿ ಪೆಟ್ಟಿಗೇಲಿ ಇಡಿ, ಮೂರನೇ ಶೋ ಆದ್ಮೇಲೆ ಎಲ್ಲಾದ್ರೂ ಕೆತ್ತಿ ಹೋದ್ರೆ ಟಚಪ್ ಮಾಡೋಕೆ ಬಣ್ಣ ಹೊಂದಿಸೋದು ಅದನ್ನ ನೋಡಿಯೇ.